ಆರುನೂರು ಡಾಲರಿನ ಗೆರೆ

ಮನೆಯಲ್ಲಿ ಬಳಸಿ ಬಿಟ್ಟ ಮಂಚವನ್ನೋ ಮಗು ಬೆಳೆದ ಮೇಲೆ ಮೂಲೆಗೆ ಸೇರಿದ ತೊಟ್ಟಿಲನ್ನೋ ಮಾರಿದರೆ ಸರ್ಕಾರಕ್ಕೆ ಲೆಕ್ಕ ಕೊಡಬೇಕೆ? ಕೇಳಿದೊಡನೆ ನಗು ತರುವ ಪ್ರಶ್ನೆ ಇದು. ಆದರೆ ಅಮೆರಿಕದಲ್ಲಿ 2021ರಿಂದ 2025ರವರೆಗೆ ಈ ಪ್ರಶ್ನೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸನ್ನೂ ತೆರಿಗೆ ಇಲಾಖೆಯನ್ನೂ ಬಿಡದೆ ಕಾಡಿತು. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳೂ ಅದಕ್ಕೆ ಹೊರತಾಗಿರಲಿಲ್ಲ. ಕೆಲಸ ಬದಲಾಗಿ ಊರು ಬಿಡುವಾಗ ಸೋಫಾ, ಸೈಕಲ್ಲು, ಊಟದ ಮೇಜುಗಳನ್ನು ಅಂತರಜಾಲದ ಮೂಲಕ ಮಾರಿ ಹೊರಡುವುದು ಅಲ್ಲಿ ವಾಡಿಕೆ. ಕಿರುತೆರೆಯ ಮಾತುಕತೆಯಲ್ಲಿ ಸಮಯ ಸಾಲದೆ ಉಳಿದುಹೋಗುವ ಹಿನ್ನೆಲೆಯನ್ನು ಇಲ್ಲಿ ಕೊಂಚ ಬಿಡಿಸಿ ನೋಡೋಣ.

ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ತೆರಿಗೆ ಬೇರೆ, ತೆರಿಗೆ ಇಲಾಖೆಗೆ ಹೋಗುವ ಮಾಹಿತಿ ಬೇರೆ. 1,200 ಡಾಲರಿಗೆ ಕೊಂಡ ಸೋಫಾವನ್ನು 700 ಡಾಲರಿಗೆ ಮಾರಿದವನಿಗೆ ಲಾಭವೇ ಇಲ್ಲ. ಆದ್ದರಿಂದ ತೆರಿಗೆಯೂ ಇಲ್ಲ. ನೂರು ಡಾಲರಿನ ಚಿತ್ರಪಟವನ್ನು ಒಂಬೈನೂರಕ್ಕೆ ಮಾರಿದರೆ ಎಂಟುನೂರು ಲಾಭ, ಅದಕ್ಕೆ ತೆರಿಗೆ ಉಂಟು. ಈ ಎಲ್ಲ ಗಲಾಟೆಯ ನಡುವೆ ಈ ತತ್ವ ಒಂದು ದಿನವೂ ಬದಲಾಗಲಿಲ್ಲ. ಬದಲಾದದ್ದು ಇಷ್ಟೆ: ನಿಮ್ಮ ಕೈಗೆ ಬಂದ ಹಣದ ವಿಷಯವನ್ನು ಮೂರನೆಯವರೊಬ್ಬರು ಸರ್ಕಾರಕ್ಕೆ ಯಾವಾಗ ಹೇಳಬೇಕು ಎಂಬುದು.

ಮೂರನೆಯವರು ಹೇಳುವ ಈ ಪದ್ಧತಿ ಹಳೆಯದು. 1913ರಲ್ಲಿ ಅಮೆರಿಕದಲ್ಲಿ ಆಧುನಿಕ ಆದಾಯ ತೆರಿಗೆ ಆರಂಭವಾದಾಗ ಹಣ ಕೊಡುವವರೇ ತೆರಿಗೆಯನ್ನು ಹಿಡಿದುಕೊಳ್ಳಬೇಕೆಂಬ ನಿಯಮವಿತ್ತು. ಅದು ತೊಡಕೆನಿಸಿ, ಮಹಾಯುದ್ಧದ ಖರ್ಚಿಗೆಂದು ಬಂದ 1917ರ ಕಾಯಿದೆಯಲ್ಲಿ, ಹಣ ಹಿಡಿಯುವುದು ಬೇಡ, ಯಾರಿಗೆ ಎಷ್ಟು ಕೊಟ್ಟಿರೆಂದು ತಿಳಿಸಿದರೆ ಸಾಕು ಎಂದಾಯಿತು. 1099 ಎಂಬ ಸಂಖ್ಯೆಯ ನಮೂನೆಗಳ ದೊಡ್ಡ ಸಂಸಾರವೇ ಈ ಪದ್ಧತಿಯಿಂದ ಬೆಳೆಯಿತು. 1954ರ ತೆರಿಗೆ ಸಂಹಿತೆ ಇದಕ್ಕೆ 600 ಡಾಲರಿನ ಗೆರೆ ಎಳೆಯಿತು. ವ್ಯಾಪಾರ ನಡೆಸುವವರು ಒಬ್ಬ ವ್ಯಕ್ತಿಗೆ ಬಾಡಿಗೆ, ಸಂಭಾವನೆ ಮುಂತಾಗಿ ವರ್ಷಕ್ಕೆ 600 ಡಾಲರ್ ಕೊಟ್ಟರೆ ಅದನ್ನು ತಿಳಿಸಬೇಕಿತ್ತು. ಆಗ ಪ್ರತಿ ವ್ಯಕ್ತಿಗೆ ಸಿಗುತ್ತಿದ್ದ ತೆರಿಗೆ ವಿನಾಯಿತಿಯೂ 600 ಡಾಲರೇ. ಇಂದಿನ ಬೆಲೆಯಲ್ಲಿ ಅದು ಸುಮಾರು 7,000 ಡಾಲರ್. ವಿನಾಯಿತಿಯ ಮೊತ್ತ ಕಾಲಕಾಲಕ್ಕೆ ಏರಿತು. ಈ ಗೆರೆ ಮಾತ್ರ ಎಪ್ಪತ್ತು ವರ್ಷ ಇದ್ದಲ್ಲೇ ಇತ್ತು. ಸರಕು ಮಾರಿದವರಿಗೆ ಕೊಟ್ಟ ಹಣವನ್ನು ಈ ನಿಯಮದಿಂದ ಹೊರಗಿಟ್ಟಿದ್ದರು ಎಂಬುದನ್ನೂ ಗಮನಿಸಬೇಕು. ಅಂಗಳದಲ್ಲಿ ಹಳೆಯ ಸಾಮಾನು ಹರಡಿಕೊಂಡು ಮಾರುವವನನ್ನು ಯಾರೂ ಕೇಳುತ್ತಿರಲಿಲ್ಲ.

ಸರ್ಕಾರ ಈ ಬಲೆಯನ್ನು ಸಾಮಾನ್ಯರ ಸಣ್ಣ ಹಣದ ಕಡೆಗೆ ಬೀಸಿದಾಗಲೆಲ್ಲ ಒಂದೇ ಬಗೆಯ ಕಥೆ ನಡೆದಿದೆ. 1982ರಲ್ಲಿ ಬಡ್ಡಿ ಮತ್ತು ಲಾಭಾಂಶದ ಮೇಲೆ ಶೇಕಡ 10ರಷ್ಟನ್ನು ಬ್ಯಾಂಕುಗಳೇ ಹಿಡಿಯಬೇಕೆಂದು ಕಾಯಿದೆಯಾಯಿತು. ಬ್ಯಾಂಕುಗಳು ಠೇವಣಿದಾರರನ್ನು ಎಬ್ಬಿಸಿದವು, ಕಾಂಗ್ರೆಸ್ ಸದಸ್ಯರ ಕಚೇರಿಗಳಿಗೆ ಪತ್ರಗಳ ಮಳೆ ಸುರಿಯಿತು, 1983ರಲ್ಲಿ ನಿಯಮ ರದ್ದಾಯಿತು. 2010ರ ಆರೋಗ್ಯ ವಿಮೆ ಕಾಯಿದೆಯ ಒಳಗೆ ಒಂದು ಸಣ್ಣ ಕಲಮು ಸೇರಿತ್ತು: ವ್ಯಾಪಾರಿಗಳು ಯಾರಿಂದಲಾದರೂ ವರ್ಷಕ್ಕೆ 600 ಡಾಲರಿನ ಸರಕು ಕೊಂಡರೂ ನಮೂನೆ ತುಂಬಿ ಕಳಿಸಬೇಕು. ಸಣ್ಣ ಅಂಗಡಿಯವರು ಬೊಬ್ಬೆ ಹಾಕಿದರು. ಜಾರಿಗೆ ಬರುವ ಮೊದಲೇ, 2011ರ ಏಪ್ರಿಲಿನಲ್ಲಿ, ಅದೂ ಹೋಯಿತು. ಆರೋಗ್ಯ ವಿಮೆಗೂ ಅಂಗಡಿಯ ಸರಕಿಗೂ ಏನು ನಂಟು? ದೊಡ್ಡ ಮಸೂದೆಗೆ ದುಡ್ಡು ಹೊಂದಿಸಬೇಕಾದಾಗ ಇಂಥ ಕಲಮುಗಳು ಬೇರೊಬ್ಬರ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಬರುತ್ತವೆ. ಸಭೆಯಲ್ಲಿ ಅವುಗಳ ಮೇಲೆ ಹೆಚ್ಚು ಚರ್ಚೆಯಾಗುವುದಿಲ್ಲ. ನಮೂನೆ ಮನೆಬಾಗಿಲಿಗೆ ಬರುವ ಹೊತ್ತಿಗೆ ಜನ ಎಚ್ಚರಗೊಳ್ಳುತ್ತಾರೆ.

ಅಂತರಜಾಲದ ಮಾರಾಟಗಾರನ ಕಥೆಯೂ ಹೀಗೆಯೇ ಸಾಗಿತು. 1995ರ ಸೆಪ್ಟೆಂಬರಿನಲ್ಲಿ ಪಿಯರ್ ಓಮಿಡ್ಯಾರ್ ಎಂಬ ತಂತ್ರಜ್ಞ ಮುಂದೆ ಈಬೇ ಎಂದು ಹೆಸರಾದ ಹರಾಜು ತಾಣವನ್ನು ಆರಂಭಿಸಿದಾಗ ಅಲ್ಲಿ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಸೂಚಕ, ಬೆಲೆ 14.83 ಡಾಲರ್. ಅಂಗಳದ ಮಾರಾಟಕ್ಕೆ ಇಡೀ ದೇಶವೇ ಗಿರಾಕಿಯಾಯಿತು. ಅದರೊಡನೆ ಹೊಸದೊಂದು ತಲೆನೋವೂ ಹುಟ್ಟಿತು. ಗುಜರಿ ಖಾಲಿ ಮಾಡುವವನೂ, ಗೋದಾಮು ತುಂಬ ಮಾಲು ಇಟ್ಟುಕೊಂಡು ದಿನವೂ ವ್ಯಾಪಾರ ಮಾಡುವವನೂ ಒಂದೇ ಪರದೆಯ ಮೇಲೆ ಒಂದೇ ರೀತಿ ಕಾಣತೊಡಗಿದರು. ಎರಡನೆಯವನು ಲಾಭವನ್ನು ಮುಚ್ಚಿಟ್ಟರೆ, ಬೀದಿಯಲ್ಲಿ ಬಾಡಿಗೆ ಕಟ್ಟಿ ಅದೇ ಸರಕು ಮಾರುವ ಅಂಗಡಿಯವನಿಗೆ ಅದು ಅನ್ಯಾಯವೇ. ಇಲಾಖೆಯ ವಾದವನ್ನು ತಳ್ಳಿಹಾಕುವಂತಿಲ್ಲ. 2014ರಿಂದ 2016ರವರೆಗಿನ ವರ್ಷಗಳಿಗೆ ಅದು ಮಾಡಿದ ಅಂದಾಜಿನಲ್ಲಿ, ಸಂಬಳದ ಆದಾಯ ಶೇಕಡ ಒಂದರಷ್ಟು ಮಾತ್ರ ಲೆಕ್ಕ ತಪ್ಪುತ್ತದೆ. ಮೂರನೆಯವರ ಮಾಹಿತಿಯೇ ಇಲ್ಲದ ಆದಾಯದಲ್ಲಿ ತಪ್ಪುವುದು ಶೇಕಡ 55.

ಹೀಗಾಗಿ 2008ರ ಜುಲೈನಲ್ಲಿ ಗೃಹಸಾಲ ಸಂಕಟಕ್ಕೆಂದು ಬಂದ ಕಾಯಿದೆಯಲ್ಲಿ ಹೊಸ ನಿಯಮ ಸೇರಿತು. ಗಿರಾಕಿ ಮತ್ತು ಮಾರುವವನ ನಡುವೆ ಹಣ ದಾಟಿಸುವ ಸಂಸ್ಥೆ, ಒಬ್ಬನಿಗೆ ವರ್ಷದಲ್ಲಿ 20,000 ಡಾಲರಿಗೂ ಹೆಚ್ಚು ಹಣ 200ಕ್ಕೂ ಹೆಚ್ಚು ವಹಿವಾಟುಗಳಲ್ಲಿ ಸಂದಾಯವಾದರೆ, 1099-ಕೆ ಎಂಬ ನಮೂನೆಯನ್ನು ಅವನಿಗೂ ಇಲಾಖೆಗೂ ಕಳಿಸಬೇಕು. ಎರಡು ಷರತ್ತೂ ಕೂಡಬೇಕಿತ್ತು. 2011ರ ವಹಿವಾಟಿನಿಂದ ಇದು ಜಾರಿಯಾಯಿತು. ಗೆರೆ ಬಹಳ ಎತ್ತರದಲ್ಲಿದ್ದುದರಿಂದ ತೊಟ್ಟಿಲು ಮಾರುವವರಿಗೆ ಅದರ ಬಿಸಿ ತಟ್ಟಲಿಲ್ಲ. ಮ್ಯಾಸಚೂಸೆಟ್ಸ್, ವರ್ಮಾಂಟ್ ಮೊದಲಾದ ರಾಜ್ಯಗಳು ತಮ್ಮ ಮಟ್ಟಿಗೆ 600ಕ್ಕೆ ಇಳಿಸಿಕೊಂಡವು.

2021ರ ಮಾರ್ಚ್ 11ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ ಕೋವಿಡ್ ಪರಿಹಾರ ಕಾಯಿದೆ ಆ ಗೆರೆಯನ್ನು ಒಮ್ಮೆಲೇ 600 ಡಾಲರಿಗೆ ಇಳಿಸಿತು. ವಹಿವಾಟಿನ ಸಂಖ್ಯೆಯ ಷರತ್ತು ಮಾಯವಾಯಿತು. ಹತ್ತು ವರ್ಷದಲ್ಲಿ ಸುಮಾರು 8.4 ಶತಕೋಟಿ ಡಾಲರ್ ಬರುವುದೆಂಬ ಅಂದಾಜಿತ್ತು. ಮತ್ತದೇ ಹಿಂದಿನ ಸೀಟು! ನನ್ನ ದೃಷ್ಟಿಯಲ್ಲಿ ಇಲ್ಲಿ ನಡೆದ ಮುಖ್ಯ ತಪ್ಪು ಇದು: 1954ರಲ್ಲಿ ಸಂಭಾವನೆ ಮತ್ತು ಬಾಡಿಗೆಗೆಂದು ಎಳೆದ ಗೆರೆಯನ್ನು, ಬೆಲೆಯೇರಿಕೆಯನ್ನೂ ಲೆಕ್ಕಿಸದೆ, ಸಾಮಾನು ಮಾರಿದ ಹಣಕ್ಕೆ ಹಾಗೆಯೇ ತಂದು ಕೂರಿಸಿದರು. ಸಂಭಾವನೆಯೆಂದರೆ ಬಹುಪಾಲು ಆದಾಯವೇ. ಸಾಮಾನಿನ ಬೆಲೆಯಲ್ಲಿ ಆದಾಯ ಎಷ್ಟೆಂಬುದನ್ನು ನಮೂನೆ ಹೇಳಲಾರದು. 1099-ಕೆಯಲ್ಲಿ ಅಚ್ಚಾಗುವುದು ಒಟ್ಟು ಮೊತ್ತ. ತಾಣದ ದಲ್ಲಾಳಿ ಹಣ, ಅಂಚೆ ವೆಚ್ಚ, ಗಿರಾಕಿಗೆ ಹಿಂದಿರುಗಿಸಿದ ಹಣ ಯಾವುದನ್ನೂ ಅದರಲ್ಲಿ ಕಳೆದಿರುವುದಿಲ್ಲ. ಮೂಲ ಬೆಲೆಯಂತೂ ತಾಣಕ್ಕೆ ತಿಳಿದೇ ಇಲ್ಲ. ಸೋಫಾ ಮಾರಿದವನು ಎಂಟು ವರ್ಷದ ಹಿಂದಿನ ರಸೀದಿಯನ್ನು ಹುಡುಕಿ, ತನಗೆ ಲಾಭವಾಗಿಲ್ಲವೆಂದು ತಾನೇ ತೋರಿಸಿಕೊಡಬೇಕು. ಗೋದಾಮಿನ ವ್ಯಾಪಾರಿಯ ಬಳಿ ಲೆಕ್ಕಿಗನಿದ್ದಾನೆ. ಇವನ ಬಳಿ ಯಾರಿದ್ದಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಇಷ್ಟಲ್ಲದೆ, ತೆರಿಗೆ ಗುರುತಿನ ಸಂಖ್ಯೆಯನ್ನು ಕೊಡದಿದ್ದವರ ಹಣದಲ್ಲಿ ಶೇಕಡ 24ನ್ನು ಸಂಸ್ಥೆ ಹಿಡಿದಿಡಬೇಕಾಗುತ್ತಿತ್ತು.

ನಿಯಮ 2022ರ ವಹಿವಾಟಿಗೆ ಅನ್ವಯವಾಗಬೇಕಿತ್ತು. ನಮೂನೆಗಳು ಹೊರಡಲು ಕೆಲವೇ ವಾರಗಳಿದ್ದಾಗ, 2022ರ ಡಿಸೆಂಬರ್ 23ರಂದು, ಇಲಾಖೆ ಒಂದು ವರ್ಷ ಮುಂದೂಡಿತು. 2023ರ ನವೆಂಬರಿನಲ್ಲಿ ಮತ್ತೆ ಮುಂದೂಡಿತು. 2024ರ ನವೆಂಬರಿನಲ್ಲಿ ಮೆಟ್ಟಿಲು ಕಟ್ಟಿತು: 2024ಕ್ಕೆ 5,000 ಡಾಲರ್, 2025ಕ್ಕೆ 2,500, ಆಮೇಲೆ 600. ತಪ್ಪಾಗಿ ನಮೂನೆ ಬಂದವರಿಗೂ, ಸ್ವಂತ ವಸ್ತುವನ್ನು ನಷ್ಟಕ್ಕೆ ಮಾರಿದವರಿಗೂ ಆ ಮೊತ್ತವನ್ನು ಬರೆಯಲೆಂದು 2024ರ ತೆರಿಗೆ ವಿವರಣೆಯ ಒಂದು ಅನುಬಂಧದ ತಲೆಯ ಮೇಲೆ ಪುಟ್ಟ ಜಾಗವನ್ನೂ ಮಾಡಿಕೊಟ್ಟಿತು. ಕಾಯಿದೆ ಮರೆತದ್ದನ್ನು ಗುಮಾಸ್ತರು ಹೀಗೆ ಒಂದು ಗೆರೆಯ ಜಾಗದಲ್ಲಿ ತುಂಬಬೇಕಾಯಿತು.

2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಮಾಡಿದ ಕಾಯಿದೆ ಹಳೆಯ 20,000 ಡಾಲರ್ ಮತ್ತು 200 ವಹಿವಾಟಿನ ಷರತ್ತುಗಳನ್ನು ಮರಳಿ ತಂದಿತು. ಅದೂ ಪೂರ್ವಾನ್ವಯವಾಗಿ, 600ರ ನಿಯಮ ಎಂದೂ ಇರಲೇ ಇಲ್ಲವೆಂಬಂತೆ. ಸಂಭಾವನೆ, ಬಾಡಿಗೆಗಳ ಹಳೆಯ 600 ಗೆರೆಯನ್ನೂ ಅದೇ ಕಾಯಿದೆ 2026ರಿಂದ 2,000ಕ್ಕೆ ಏರಿಸಿತು. ಇದೂ ಒಂದು ಭಾರಿ ಮಸೂದೆಯ ಹಿಂದಿನ ಸೀಟಿನಲ್ಲೇ ಬಂತು ಎನ್ನುವುದನ್ನು ಮರೆಯಬಾರದು. ಗೋದಾಮಿನವನನ್ನೂ ಗುಜರಿಯವನನ್ನೂ ಬೇರ್ಪಡಿಸುವ ಕೆಲಸವನ್ನು ಯಾರೂ ಮಾಡಲಿಲ್ಲ; 19,000 ಡಾಲರಿನ ವ್ಯಾಪಾರ ಮಾಡುವವನು ಮತ್ತೆ ಕಣ್ಣಿಗೆ ಬೀಳದೆ ಉಳಿದ. ಯುರೋಪಿನ ಒಕ್ಕೂಟ 2023ರಿಂದ ಸ್ವಲ್ಪ ಮಧ್ಯದ ದಾರಿ ಹಿಡಿದಿದೆ: ವರ್ಷಕ್ಕೆ ಮೂವತ್ತಕ್ಕಿಂತ ಕಡಿಮೆ ಸರಕು ಮಾರಿ 2,000 ಯೂರೋ ದಾಟದವರ ಮಾಹಿತಿ ಹೋಗುವುದಿಲ್ಲ.

ನಮ್ಮ ದೇಶದಲ್ಲಿ ಮಾಹಿತಿಗೆ ನಿಲ್ಲದೆ ಕಡಿತವೇ ಬಂತು. 2020ರ ಅಕ್ಟೋಬರ್ 1ರಿಂದ ಮಾರಾಟ ತಾಣಗಳು ಮಾರುವವರ ಹಣದಲ್ಲಿ ಒಂದು ಪಾಲನ್ನು ಆದಾಯ ತೆರಿಗೆಗೆಂದು ಹಿಡಿಯತೊಡಗಿದವು. ಪ್ಯಾನ್ ಅಥವಾ ಆಧಾರ್ ಕೊಟ್ಟ ವ್ಯಕ್ತಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ವಿನಾಯಿತಿ. 2024ರ ಅಕ್ಟೋಬರಿನಲ್ಲಿ ದರ ಶೇಕಡ 0.1ಕ್ಕೆ ಇಳಿಯಿತು. ಹಳೆಯ ಮಂಚದ ವಿಷಯದಲ್ಲಿ 1961ರ ಆದಾಯ ತೆರಿಗೆ ಕಾಯಿದೆ ಉದಾರವಾಗಿಯೇ ಇತ್ತು: ಒಡವೆ, ಚಿತ್ರಕಲಾಕೃತಿ ಮುಂತಾದವನ್ನು ಬಿಟ್ಟರೆ ಸ್ವಂತ ಬಳಕೆಯ ಚರವಸ್ತುಗಳನ್ನು ಅದು ಬಂಡವಾಳ ಆಸ್ತಿಯೆಂದೇ ಗಣಿಸಿರಲಿಲ್ಲ.

ಆದರೆ ಒಟ್ಟು ಮೊತ್ತವನ್ನು ನೋಡಿ ವ್ಯಾಪಾರವನ್ನು ಊಹಿಸುವ ತೊಡಕು ನಮಗೂ ತಪ್ಪಲಿಲ್ಲ. ವಾಷಿಂಗ್‌ಟನ್ನಿನಲ್ಲಿ ಆ ಸಹಿ ಬಿದ್ದ ತಿಂಗಳಲ್ಲೇ, 2025ರ ಜುಲೈನಲ್ಲಿ, ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಚಹಾದಂಗಡಿಗಳ ಮಾಲೀಕರಿಗೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸುಗಳು ಬಂದವು. ಇದು ಆದಾಯ ತೆರಿಗೆಯಲ್ಲ, ಸರಕು ಮತ್ತು ಸೇವಾ ತೆರಿಗೆ. ಲಾಭಕ್ಕಲ್ಲ, ವಹಿವಾಟಿಗೆ ಬೀಳುವಂಥದು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ದಾಟಿದವರು ನೋಂದಾಯಿಸಿಕೊಳ್ಳಬೇಕೆಂಬುದು ನಿಯಮ. 2021-22ರಿಂದ ಯುಪಿಐ ಮೂಲಕ ಖಾತೆಗೆ ಬಂದ ಹಣವನ್ನು ಇಲಾಖೆ ಆಧಾರವಾಗಿ ಹಿಡಿದಿತ್ತು. ಆ ಮೊತ್ತದೊಳಗೆ ತೆರಿಗೆಯೇ ಇಲ್ಲದ ಹಾಲು, ತರಕಾರಿಯ ಹಣವೂ ಇತ್ತು, ಕೈಗಡ ವಾಪಸು ಬಂದದ್ದೂ ಮನೆಯವರು ಕಳಿಸಿದ್ದೂ ಇದ್ದವು ಎಂದು ಅಂಗಡಿಯವರು ದೂರಿದರು. ಯುಪಿಐ ಇಲ್ಲ, ನಗದು ಮಾತ್ರ ಎಂಬ ಚೀಟಿಗಳು ಗಲ್ಲಾಪೆಟ್ಟಿಗೆಯ ಮುಂದೆ ಕಾಣಿಸಿಕೊಂಡವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಲೇಬೇಕು ಎಂದರು. ಒಂದೂವರೆ ಕೋಟಿ ರೂಪಾಯಿಯವರೆಗಿನ ವಹಿವಾಟಿಗೆ ಶೇಕಡ 1ರ ರಾಜಿ ತೆರಿಗೆ ಪದ್ಧತಿ ಮೊದಲಿನಿಂದಲೂ ಇತ್ತು. ಅದು ಇದೆಯೆಂದು ಎಷ್ಟೋ ಅಂಗಡಿಯವರಿಗೆ ತಿಳಿದದ್ದು ನೋಟಿಸು ಕೈಸೇರಿದ ಮೇಲೆ.