ಸೈಕಲ್ ಸವಾರಿ: ಸುರಕ್ಷತೆ ಮತ್ತು ಸೊಗಸು

ತಿಪಟೂರು ತಾಲ್ಲೂಕಿನ ಬಿಳಿಗೆರೆಯ ಸುತ್ತಮುತ್ತ ತೋಟಕ್ಕೋ ಅಂಗಡಿಗೋ ಸೈಕಲ್ಲಿನಲ್ಲಿ ಹೊರಟವರ ತಲೆಯ ಮೇಲೆ ಟವೆಲ್ ಕಾಣಬಹುದು, ಹೆಲ್ಮೆಟ್ ಅಪರೂಪ. ‘ಕೆಲಸಕ್ಕೆ ಹೋಗುವಾಗ ಅದೇನು ವೇಷ?’ ಎಂಬ ಸಂಕೋಚವೂ ಇದಕ್ಕೆ ಒಂದು ಕಾರಣ. ಸುರಕ್ಷತೆ ಮತ್ತು ಸೊಗಸಿನ ನಡುವಿನ ಈ ಜಗ್ಗಾಟ ಇಂದಿನದಲ್ಲ. ಸೈಕಲ್ಲಿನ ಚರಿತ್ರೆಯನ್ನು ಗಮನಿಸಿದರೆ, ದಿನನಿತ್ಯದ ಉಡುಪಿಗೆ ಹೊಂದಿಕೊಂಡ ಸುರಕ್ಷಾ ಸಾಧನಗಳು ಬೇಗ ಬಳಕೆಗೆ ಬಂದವು ಎಂಬುದು ತಿಳಿಯುತ್ತದೆ.

ಎತ್ತರದ ಗಾಲಿ

1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಜನಪ್ರಿಯವಾದ ಸೈಕಲ್ಲಿನ ಮುಂಗಾಲಿ ಬಹಳ ದೊಡ್ಡದು. ಪೆಡಲುಗಳು ನೇರವಾಗಿ ಆ ಗಾಲಿಗೇ ಜೋಡಣೆಯಾಗಿದ್ದವು. ಒಂದು ತುಳಿತಕ್ಕೆ ಹೆಚ್ಚು ದೂರ ಸಾಗಲು ಗಾಲಿ ದೊಡ್ಡದಿರಲೇಬೇಕಿತ್ತು. ನೋಡಲು ಠೀವಿಯೇನೋ ಇತ್ತು. ಆದರೆ ಸವಾರನ ಗುರುತ್ವ ಕೇಂದ್ರ ಎತ್ತರದಲ್ಲಿ, ಬಹುಮಟ್ಟಿಗೆ ಮುಂಗಾಲಿಯ ಅಚ್ಚಿನ ಮೇಲೆಯೇ ಇರುತ್ತಿತ್ತು. ಗಾಲಿ ಕಲ್ಲಿಗೆ ತಡೆದರೆ ಸವಾರ ತಲೆ ಮುಂದಾಗಿ ಬೀಳುತ್ತಿದ್ದ.

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೈಕಲ್ ತಂದರು. ಚೈನಿನ ಮೂಲಕ ಹಿಂಗಾಲಿಗೆ ಚಾಲನೆ ದೊರೆತದ್ದರಿಂದ ದೊಡ್ಡ ಗಾಲಿಯ ಅಗತ್ಯ ತಪ್ಪಿತು, ಆಸನ ಕೆಳಗಿಳಿಯಿತು. ಇಂಥ ಸೈಕಲ್ಲುಗಳಿಗೆ ‘ಸೇಫ್ಟಿ’ ಎಂಬ ಹೆಸರೇ ಬಂತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಸವಾರನ ಮೈಮೇಲೆ ಏನನ್ನೂ ಹೇರದೆ, ವಾಹನದ ವಿನ್ಯಾಸವೇ ಅವನನ್ನು ಕಾಪಾಡತೊಡಗಿತು.

ಸೀರೆಗೆ ಜಾಲರಿ

ಚೈನ್ ಬಂದಂತೆ ಬಟ್ಟೆ ಸಿಕ್ಕಿಕೊಳ್ಳುವ ತೊಂದರೆಯೂ ಬಂತು. ಇಂಗ್ಲೆಂಡಿನಲ್ಲಿ ಉದ್ದ ಲಂಗ ಬಿಟ್ಟು ಸಡಿಲ ಷರಾಯಿ ತೊಟ್ಟ ಮಹಿಳೆಯರು ಪತ್ರಿಕೆಗಳ ಹಾಸ್ಯಕ್ಕೆ ಗುರಿಯಾದರು. ಇನ್ನೊಂದು ದಾರಿ ಸೈಕಲ್ಲನ್ನೇ ಬದಲಿಸುವುದು: ಬಾಗಿದ ಚೌಕಟ್ಟು, ಹಿಂಗಾಲಿಗೆ ಜಾಲರಿ, ಚೈನಿಗೆ ಕವಚ. ನಮ್ಮಲ್ಲಿ ಸೀರೆ, ಪಂಚೆ, ಚೂಡಿದಾರಗಳಿಗೆ ಇದೇ ದಾರಿ ಹಿಡಿಸಿತು. ಕರ್ನಾಟಕ ಸರ್ಕಾರ 2006-07ರಲ್ಲಿ ಆರಂಭಿಸಿದ ಉಚಿತ ಸೈಕಲ್ ಯೋಜನೆಯಲ್ಲಿ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ದೊರೆತ ಸೈಕಲ್ಲುಗಳದೂ ಬಾಗಿದ ಚೌಕಟ್ಟೇ.

ತಲೆಯ ಸರದಿ

ತಲೆಯ ರಕ್ಷಣೆ ಬಂದದ್ದು ತಡವಾಗಿ. 1935ರಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಗಾಯಗೊಂಡ ಟಿ. ಇ. ಲಾರೆನ್ಸ್ ಅವರನ್ನು ನೋಡಿಕೊಂಡ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಒಬ್ಬರು. ಮೋಟಾರ್‌ಸೈಕಲ್ ಸವಾರರ ತಲೆಪೆಟ್ಟು ಹಾಗೂ ಹೆಲ್ಮೆಟ್ಟಿನ ಪ್ರಯೋಜನ ಕುರಿತು ಅವರು 1941ರಲ್ಲಿ ಪ್ರಬಂಧ ಪ್ರಕಟಿಸಿದರು. ಸೈಕಲ್ಲಿಗೆಂದೇ ಪಾಲಿಸ್ಟೈರೀನ್ ನೊರೆಯ ಹೆಲ್ಮೆಟ್ಟನ್ನು ಅಮೆರಿಕದ ಬೆಲ್ ಕಂಪನಿ 1975ರಲ್ಲಿ ತಂದಿತು. 1990ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ ಹೆಲ್ಮೆಟ್ ಕಡ್ಡಾಯಗೊಳಿಸಿತು. ತಲೆಪೆಟ್ಟು ಕಡಿಮೆಯಾಯಿತು, ಆದರೆ ಹದಿಹರೆಯದವರ ಸೈಕಲ್ ಸವಾರಿಯೂ ಇಳಿಯಿತು. ಸ್ವೀಡನ್ನಿನಲ್ಲಿ ಕೂದಲು ಕೆಡದಂತೆ ಕೊರಳಪಟ್ಟಿಯಾಗಿ ಧರಿಸುವ ಗಾಳಿಚೀಲವೂ ಬಂತು. ಅದನ್ನು ತಯಾರಿಸಿದ ಕಂಪನಿ 2023ರಲ್ಲಿ ದಿವಾಳಿಯಾಯಿತು. ನಮ್ಮ 1988ರ ಮೋಟಾರು ವಾಹನ ಕಾಯಿದೆಯ ಹೆಲ್ಮೆಟ್ ನಿಯಮ ಮೋಟಾರ್‌ಸೈಕಲ್ಲಿಗೆ ಮಾತ್ರ. ಸೈಕಲ್ ಸವಾರನ ತಲೆ ಅವನ ವಿವೇಚನೆಗೇ ಬಿಟ್ಟದ್ದು.

ತೆಂಗಿನಕಾಯಿಯ ಪಾಠ

ಹೆಲ್ಮೆಟ್ಟಿನ ತತ್ವ ತೆಂಗಿನ ಸೀಮೆಯ ಮಕ್ಕಳಿಗೆ ಸುಲಭವಾಗಿ ಅರ್ಥವಾಗುತ್ತದೆ. ಮರದಿಂದ ಬಿದ್ದ ಕಾಯಿ ಸಾಮಾನ್ಯವಾಗಿ ಒಡೆಯುವುದಿಲ್ಲ. ಸುಲಿದ ಕಾಯಿಯನ್ನು ಕಲ್ಲಿಗೆ ಹಾಕಿದರೆ ಒಡೆಯುತ್ತದೆ. ನಾರಿನ ಮಟ್ಟೆ ಅದುಮಿಕೊಂಡು, ಕಾಯಿ ನಿಲ್ಲುವ ದೂರವನ್ನು ಹೆಚ್ಚಿಸುತ್ತದೆ. ತಲೆ 1.5 ಮೀಟರ್ ಎತ್ತರದಿಂದ ಬಿತ್ತೆನ್ನೋಣ. ಅದು 2 ಮಿ.ಮೀ.ನಲ್ಲಿ ನಿಂತರೆ ಸರಾಸರಿ ವೇಗಾಪಕರ್ಷ ಗುರುತ್ವ ವೇಗೋತ್ಕರ್ಷದ ಸುಮಾರು 750 ಪಟ್ಟು, 2 ಸೆಂ.ಮೀ.ನಲ್ಲಿ ನಿಂತರೆ ಸುಮಾರು 75 ಪಟ್ಟು. ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರಾಯಿತು. ಹೆಲ್ಮೆಟ್ಟಿನ ನೊರೆ ಒದಗಿಸುವುದು ಈ ಕೆಲವು ಸೆಂಟಿಮೀಟರನ್ನು. ಒಮ್ಮೆ ಜಜ್ಜಿದ ನೊರೆ ಮೊದಲಿನಂತಾಗದು, ಆದ್ದರಿಂದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಬದಲಿಸಬೇಕು.

ಶಿಕ್ಷಕರು ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು. ಮುಸ್ಸಂಜೆ ಮನೆಗೆ ಮರಳುವವರ ಸೈಕಲ್ಲಿನ ಮಡ್‌ಗಾರ್ಡಿಗೆ ಬೆಳಕು ಪ್ರತಿಫಲಿಸುವ ಪಟ್ಟಿ ಅಂಟಿಸಿಕೊಡಬಹುದು. ಇದಕ್ಕೆ ಯಾರೂ ಉಡುಪು ಬದಲಿಸಬೇಕಿಲ್ಲ. ಹೆಲ್ಮೆಟ್ ಕೊಳ್ಳುವಾಗಲೂ ಹಗುರವಾದ, ಗಾಳಿಯಾಡುವ, ತಮಗೆ ಒಪ್ಪುವ ಬಣ್ಣದ್ದನ್ನು ಆರಿಸಿಕೊಳ್ಳುವುದು ಲೇಸು. ಇಷ್ಟವಾದದ್ದನ್ನು ಜನ ದಿನವೂ ಧರಿಸುತ್ತಾರೆ.