ರಾಯಕೋಟೆ ಬೆಟ್ಟ: 1792ರ ಚಿತ್ರಕಾರರ ಕಣ್ಣಲ್ಲಿ

1792ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಗಿ, ರಾಯಕೋಟೆ ಇರುವ ಬಾರಾಮಹಲ್ ಸೀಮೆ ಟಿಪ್ಪು ಸುಲ್ತಾನನ ಕೈತಪ್ಪಿತು. ಮರುತಿಂಗಳೇ ಇಂಗ್ಲೆಂಡಿನ ಚಿತ್ರಕಾರ ಥಾಮಸ್ ಡೇನಿಯಲ್, ಸೋದರನ ಮಗ ವಿಲಿಯಂ ಜೊತೆ ಮದರಾಸಿನಿಂದ ಹೊರಟು ಈ ಸೀಮೆಗೆ ಬಂದ.

ಇಲ್ಲಿ ಬರೆದುಕೊಂಡ ಚಿತ್ರಗಳನ್ನು ಅವರು ಲಂಡನ್ನಿನಲ್ಲಿ ತಾಮ್ರದ ತಗಡಿನ ಮೇಲೆ ಆಮ್ಲದಿಂದ ಕೊರೆದು ಅಚ್ಚು ಹಾಕಿಸಿದರು. ಬಣ್ಣ ತುಂಬಿದ್ದು ಕೈಯಿಂದಲೇ. ‘ಓರಿಯಂಟಲ್ ಸೀನರಿ’ (1795–1808) ಮಾಲೆಯ 144 ಚಿತ್ರಗಳಲ್ಲಿ ರಾಯಕೋಟೆ, ಹೊಸೂರು, ಜಗದೇವಿ, ವೀರಭದ್ರದುರ್ಗಗಳಿವೆ. ದೇಗುಲ, ಅರಮನೆಗಳನ್ನು ಬರೆದು ಹೆಸರಾದವರು ನಮ್ಮ ಕಡೆ ಬಂದಾಗ ಬೆಟ್ಟಗಳಿಗೇ ಮನಸೋತದ್ದು ಹೆಮ್ಮೆಯ ಸಂಗತಿ. ಕ್ಯಾಮೆರಾ ಇಲ್ಲದ ಕಾಲದಲ್ಲಿ ಈ ಸೀಮೆ ಹೇಗಿತ್ತೆಂದು ತೋರಿಸುವ ಅಪರೂಪದ ದಾಖಲೆಗಳಿವು.

ಚಿತ್ರ ನೋಡಿದ ಮೇಲೆ ರಾಯಕೋಟೆ ಬೆಟ್ಟವನ್ನೂ ಹತ್ತಿ ನೋಡಿ. ಕೋಟೆಗೋಡೆಯ ಮೇಲೆ ದಯವಿಟ್ಟು ಹೆಸರು ಗೀಚಬೇಡಿ.