ಜಗಲಿಯ ಮೇಲಿಟ್ಟ ಪುಸ್ತಕ



ಪ್ಲೇಗಿನ ಕಾಲದಲ್ಲಿ ಊರವರೆಲ್ಲ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡಿದ್ದರೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. 2020ರ ಮಾರ್ಚ್ ತಿಂಗಳಲ್ಲಿ ಆ ಮಾತು ನೆನಪಾಯಿತು. ಈ ಬಾರಿ ನಾವು ಮನೆಯೊಳಗೆ ಉಳಿದೆವು. ಬೀಗ ಬಿದ್ದದ್ದು ಕಾಲೇಜು, ಗ್ರಂಥಾಲಯಗಳಿಗೆ.

ಆಗ ಕನ್ನಡ ಎಂ.ಎ. ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನ ಹಾಸ್ಟೆಲಿನಿಂದ ಉಟ್ಟ ಬಟ್ಟೆಯಲ್ಲೇ ಸೋಂಪುರಕ್ಕೆ ಮರಳಿದ್ದಳು. “ಮೇಷ್ಟ್ರೇ, ಪುಸ್ತಕ, ನೋಟ್ಸು ಎಲ್ಲಾ ರೂಮಲ್ಲೇ ಉಳಿದುಹೋದವು” ಎಂದು ಫೋನಿನಲ್ಲಿ ಹೇಳಿದಳು. ನನ್ನ ಕಪಾಟಿನಲ್ಲಿ ಅವಳಿಗೆ ಬೇಕಾದ ಪುಸ್ತಕಗಳಿದ್ದವು. ಆದರೂ ಕೊಡಲು ಹಿಂಜರಿದೆ. ಪುಸ್ತಕದ ಜೊತೆ ರೋಗವೂ ಬಂದರೆ?

ಈ ಭಯ ಹೊಸದಲ್ಲ. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಆ ಕಾಲದ ಆಸುಪಾಸಿನಲ್ಲಿಯೇ ಇಂಗ್ಲೆಂಡ್, ಅಮೆರಿಕಗಳಲ್ಲಿ ಗ್ರಂಥಾಲಯದ ಪುಸ್ತಕಗಳು ರೋಗ ಹರಡುತ್ತವೆಂಬ ಆತಂಕ ದಟ್ಟವಾಗಿತ್ತು. ಸಾಂಕ್ರಾಮಿಕ ರೋಗವುಳ್ಳವರು ಗ್ರಂಥಾಲಯದ ಪುಸ್ತಕ ಒಯ್ಯಬಾರದೆಂದು 1907ರಲ್ಲಿ ಇಂಗ್ಲೆಂಡಿನಲ್ಲಿ ಕಾನೂನೇ ಆಯಿತು. 1916ರಲ್ಲಿ ಸ್ಥಾಪನೆಯಾದ ನಮ್ಮ ಮೈಸೂರು ವಿಶ್ವವಿದ್ಯಾಲಯಕ್ಕೆ ಎರಡು ವರ್ಷ ತುಂಬುವಷ್ಟರಲ್ಲಿ 1918ರ ಇನ್‌ಫ್ಲುಯೆಂಜಾ ಬಂದೆರಗಿತು. ಅಂದು ಗ್ರಂಥಾಲಯವೆಂದರೆ ಕಟ್ಟಡವೇ. ಬಾಗಿಲು ಮುಚ್ಚಿದರೆ ಪುಸ್ತಕಕ್ಕೆ ಬೇರೆ ದಾರಿಯಿರಲಿಲ್ಲ.

2020ರಲ್ಲಿ ದಾರಿಯಿತ್ತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಮೂಲಕ ವಿಶ್ವವಿದ್ಯಾಲಯಗಳಿಗೆ ದೊರೆಯುವ ಪತ್ರಿಕೆಗಳನ್ನು ಸಾಮಾನ್ಯವಾಗಿ ಆವರಣದೊಳಗೆ ಮಾತ್ರ ಓದಬಹುದಿತ್ತು. ಗುರುತಿನ ಸಂಖ್ಯೆ ಪಡೆದವರಿಗೆ ಅವು ಮನೆಯಲ್ಲೇ ಸಿಗುವ ಏರ್ಪಾಡು ಬಳಕೆಗೆ ಬಂತು. ದೇಶದ ಪಿಎಚ್.ಡಿ. ಪ್ರಬಂಧಗಳ ಭಂಡಾರವಾದ ‘ಶೋಧಗಂಗಾ’ ಎಲ್ಲರಿಗೂ ಮುಕ್ತವಾಗಿತ್ತು. ಖರಗ್‌ಪುರದ ಐಐಟಿ ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿತ್ತು. ನಮ್ಮ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ಆ ವರ್ಷದ ಆರಂಭದಲ್ಲೇ ಶುರುವಾಗಿತ್ತು. ಅನೇಕ ಗ್ರಂಥಾಲಯಗಳು ತಡವಾಗಿ ಬಂದ ಪುಸ್ತಕಗಳ ದಂಡವನ್ನು ಮನ್ನಾ ಮಾಡಿದವು. ಮರಳಿ ಬಂದವನ್ನು ಕೆಲದಿನ ಬೇರೆಯಾಗಿಟ್ಟು ನಂತರ ಕಪಾಟಿಗೆ ಸೇರಿಸಿದವು.

ಇವನ್ನೆಲ್ಲ ನಾನು ಉತ್ಸಾಹದಿಂದ ಅವಳಿಗೆ ತಿಳಿಸಿದೆ. ಅವಳು ನಕ್ಕಳು. ಮನೆಗಿದ್ದುದು ಒಂದೇ ಮೊಬೈಲು. ಹಗಲು ಅದು ತಮ್ಮನ ಆನ್‌ಲೈನ್ ತರಗತಿಗೆ. ರಾತ್ರಿ ಮಾಳಿಗೆ ಹತ್ತಿದರೆ ಮಾತ್ರ ನೆಟ್‌ವರ್ಕ್. ಅಲ್ಲಿ ತೆರೆದುಕೊಳ್ಳುತ್ತಿದ್ದ ಪತ್ರಿಕೆಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಅವಳಿಗೆ ಬೇಕಾದದ್ದು ಕನ್ನಡ. ಶೋಧಗಂಗಾದಲ್ಲಿ ಕನ್ನಡದ ಕೆಲವು ಪ್ರಬಂಧಗಳು ಸಿಕ್ಕವಾದರೂ ಬೆರಳಗಲದ ಪರದೆಯಲ್ಲಿ ನೂರಾರು ಪುಟ ಓದುವುದು ಹೇಗೆ?

ಆ ರಾತ್ರಿ ನನಗೆ ನಾಚಿಕೆಯಾಯಿತು. ಮರುದಿನ ಐದು ಪುಸ್ತಕಗಳನ್ನು ಚೀಲದಲ್ಲಿ ಹಾಕಿ ಜಗಲಿಯ ಮೇಲಿಟ್ಟೆ. ಅವಳು ಮುಖಗವುಸು ಹಾಕಿಕೊಂಡು ಬಂದು, ದೂರದಿಂದಲೇ ಕೈಮುಗಿದು ಒಯ್ದಳು. ಒಳಗೆ ಕರೆಯದೆ ವಿದ್ಯಾರ್ಥಿಯೊಬ್ಬಳನ್ನು ಬೀಳ್ಕೊಟ್ಟದ್ದು ಅದೇ ಮೊದಲು. ಹಿಂದಿರುಗಿಸಿದ ಪುಸ್ತಕಗಳನ್ನು ಮೂರು ದಿನ ಬಿಸಿಲಿನಲ್ಲಿಟ್ಟು, ಬೇರೆ ಐದನ್ನು ಕೊಟ್ಟೆ.

ಬೆಂಗಳೂರಿನಲ್ಲಿ ನೆಲೆಸಿ 1972ರಲ್ಲಿ ತೀರಿಕೊಂಡ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್, ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬುದನ್ನು 1931ರಲ್ಲೇ ನಿಯಮವಾಗಿಸಿದ್ದರು. ವಿಶ್ವವಿದ್ಯಾಲಯಗಳು ಪುಸ್ತಕವನ್ನು ಮೊಬೈಲಿನವರೆಗೆ ತಲುಪಿಸಿದವು. ಅದು ಸಣ್ಣ ಸಾಧನೆಯಲ್ಲ. ಆದರೆ ಮೊಬೈಲಿನಿಂದ ಮಾಳಿಗೆಯ ಮೇಲಿನ ಆ ಹುಡುಗಿಯವರೆಗಿನ ದಾರಿಯನ್ನು ಅವಳ ಊರೇ ಕ್ರಮಿಸಬೇಕಾಯಿತು.

ಅವಳು ಎಂ.ಎ. ಮುಗಿಸಿದಳು. ಪುಸ್ತಕಗಳಲ್ಲಿ ಒಂದು ಇನ್ನೂ ಅವಳಲ್ಲೇ ಇದೆ. ನಾನು ಕೇಳಿಲ್ಲ.